ಮಜ್ಜಿಗೆಯ ಸಾಲಿನಿಂದಲೇ ಶುರುಮಾಡಿ

ಕಲಬುರಗಿ

ಪ್ರಿಯ ಲೇಖಕರಿಗೆ,

ನಮಸ್ಕಾರ. ‘ಬೆನ್ನಮೇಲಿನ ನೀರಿನ ಚೀಲ: ಸ್ವಚ್ಛತೆ ಮತ್ತು ನಿರ್ವಹಣೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದದಿಂದ ಮರಳಿಸುತ್ತಿದ್ದೇವೆ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಯುಗಾದಿಗೆ ಶ್ರೀಶೈಲದವರೆಗೆ ನಡೆದು ಹೋಗುವವರ, ನಸುಕಿನಲ್ಲಿ ಸೇಡಂ ರಸ್ತೆಯ ಮೇಲೆ ಸೈಕಲ್ ತುಳಿಯುವವರ ಬೆನ್ನಿಗೆ, ಹೆಗಲ ಮೇಲಿಂದ ಬರುವ ಪೈಪಿನಿಂದ ನೀರು ಹೀರುವ ಈ ಚೀಲಗಳು ಈಗ ಕಾಣಿಸತೊಡಗಿವೆ. ಕೊಂಡವರಿಗೆ ಅದರ ನಿಗಾ ಹೇಗೆಂದು ಹೇಳಿಕೊಟ್ಟವರಿಲ್ಲ. ಹೇಳಬಲ್ಲಷ್ಟು ಅನುಭವ ನಿಮಗಿದೆ ಎಂಬುದು ಲೇಖನದ ಒಂದೆರಡು ಸಾಲುಗಳಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲು, ಒಂದು ದಿನವೂ ತಡಮಾಡದೆ ನೀವು ಅಳಿಸಿಹಾಕಬೇಕಾದ ಸಾಲು. ಆರನೆಯ ಪುಟದಲ್ಲಿ ‘ಬ್ಲೀಚ್ ಬೆರೆಸಿದ ನೀರಿಗೆ ನಾಲ್ಕು ಚಮಚ ವಿನೆಗರ್ ಹಾಕಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಬೇಕು’ ಎಂದಿದ್ದೀರಿ. ಬ್ಲೀಚ್‌ಗೆ ಆಮ್ಲ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಅದನ್ನು ಉಸಿರಾಡಿದವರ ಕಣ್ಣು, ಗಂಟಲು, ಶ್ವಾಸಕೋಶಗಳಿಗೆ ಗಂಭೀರ ಹಾನಿಯಾಗುತ್ತದೆ. ವಿನೆಗರ್ ಬದಲು ನಿಂಬೆರಸ ಹಾಕಿದರೂ, ಸಿಟ್ರಿಕ್ ಆಮ್ಲ ಹಾಕಿದರೂ ಇದೇ ಮಾತು. ಅದರ ಕೆಳಗಿನ ಸಾಲಿನಲ್ಲಿರುವ ಅಡುಗೆ ಸೋಡಾ ಮತ್ತು ನಿಂಬೆರಸದ ಜೋಡಿ ವಿಷವಲ್ಲ, ಆದರೆ ನಿಷ್ಪ್ರಯೋಜಕ. ನೊರೆ ಉಕ್ಕುವುದನ್ನು ಕಂಡು ಕೊಳೆ ಬಿಡುತ್ತಿದೆ ಎಂದು ನಮಗನ್ನಿಸುತ್ತದೆ. ವಾಸ್ತವದಲ್ಲಿ ಸೋಡಾದ ಗುಣವನ್ನು ಹುಳಿಯೂ ಹುಳಿಯ ಗುಣವನ್ನು ಸೋಡಾವೂ ಕಳೆದುಬಿಟ್ಟಿರುತ್ತವೆ. ಮುಚ್ಚಳ ಬಿಗಿದಿದ್ದರಂತೂ ಒಳಗೆ ಅನಿಲ ತುಂಬಿ ಚೀಲ ಉಬ್ಬಿ, ಅಂಚಿನ ಬೆಸುಗೆ ಬಿಟ್ಟುಕೊಳ್ಳಬಹುದು. ಒಂದು ಸಲಕ್ಕೆ ಒಂದೇ ಪದಾರ್ಥ, ಅದನ್ನು ಪೂರ್ತಿ ತೊಳೆದ ಮೇಲೆಯೇ ಇನ್ನೊಂದು ಎಂದು ಸ್ಪಷ್ಟವಾಗಿ ಬರೆಯಿರಿ. ಕಥೆಯೊಂದರಲ್ಲಿ ತಪ್ಪಿದ್ದರೆ ಓದುಗರು ಪುಟ ಮಗುಚುತ್ತಾರೆ. ಇಂಥ ಬರಹವನ್ನಾದರೆ ನಂಬಿ ಬಾಟಲಿಯ ಬಿರಡೆ ತೆಗೆಯುತ್ತಾರೆ.

ಎರಡನೆಯದು, ನಿಮ್ಮ ಆರಂಭ. ಒಂದೂವರೆ ಪುಟ ಈ ಚೀಲದ ಇತಿಹಾಸವಿದೆ. ಸಂಗತಿ ಸರಿಯಾಗಿಯೇ ಇದೆ: 1989ರಲ್ಲಿ ಅಮೆರಿಕದ ಟೆಕ್ಸಾಸ್‌ನ ವಿಚಿಟಾ ಫಾಲ್ಸ್‌ನಲ್ಲಿ, ಬಿರುಬೇಸಿಗೆಯ ನೂರು ಮೈಲಿ ಸೈಕಲ್ ಓಟಕ್ಕೆ ಹೊರಟ ಮೈಕೆಲ್ ಈಡ್ಸನ್ ಎಂಬಾತ ಸಲೈನ್ ಚೀಲಕ್ಕೆ ನೀರು ತುಂಬಿ, ಅದನ್ನು ಉದ್ದ ಕಾಲುಚೀಲದೊಳಗೆ ಇಳಿಸಿ ಬೆನ್ನಿಗೆ ಸಿಕ್ಕಿಸಿಕೊಂಡು, ಹೆಗಲ ಮೇಲಿಂದ ತಂದ ಪೈಪನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿಸಿದ, ಅದರಿಂದಲೇ ಇಂಥ ಚೀಲಗಳನ್ನು ಮಾಡುವ ಕ್ಯಾಮಲ್‌ಬ್ಯಾಕ್ ಕಂಪನಿ ಬೆಳೆಯಿತು. ಇದಿಷ್ಟನ್ನೂ ಹೇಳಿ, ನಿಮ್ಮ ವಿಷಯಕ್ಕೆ ಬೇಕಾದ ಒಂದೇ ಮಾತನ್ನು ನೀವು ಬಿಟ್ಟಿದ್ದೀರಿ. ಸಲೈನ್ ಚೀಲ ಒಮ್ಮೆ ಬಳಸಿ ಎಸೆಯುವ ವಸ್ತು, ಅದನ್ನು ತೊಳೆಯುವ ಪ್ರಶ್ನೆಯೇ ಇಲ್ಲ; ನಿಮ್ಮ ಬೆನ್ನಿನ ಚೀಲ ನೂರು ಸಲ ತುಂಬಿ ಬರಿದಾಗುವಂಥದ್ದು. ಕಿರಿದಾದ ಬಾಯಿ, ಬೆರಳು ತೂರದ ಪೈಪು, ಎಂಜಲು ತಾಗುವ ಮೂತಿ ಇವೆಲ್ಲ ಸಮಸ್ಯೆಯಾಗಿದ್ದು ಆ ವ್ಯತ್ಯಾಸದಿಂದ. ಅದನ್ನು ಹೇಳುವುದಾದರೆ ಇತಿಹಾಸಕ್ಕೆ ಮೂರು ಸಾಲು ಸಾಕು.

ಇನ್ನು ಮುಖ್ಯ ಭಾಗ. ನಿಮ್ಮ ಲೇಖನ ಓದಿದ ಸಂಜೆಯೇ ನನ್ನ ತಂಗಿಯ ಮಗನ ಚೀಲವನ್ನು ತರಿಸಿಕೊಂಡು, ನೀವು ಬರೆದ ಕ್ರಮದಲ್ಲಿಯೇ ತೊಳೆದು ನೋಡಿದೆ. ಚೀಲಕ್ಕೆ ಉಗುರುಬೆಚ್ಚಗಿನ ಸಾಬೂನು ನೀರು ಹಾಕಿ ಕುಲುಕಿ ಚೆಲ್ಲಿ, ಎರಡು ಸಲ ತೊಳೆದು ಮೊಳೆಗೆ ತೂಗುಹಾಕಿದರೆ ನಿಮ್ಮ ಲೇಖನದ ಪ್ರಕಾರ ಕೆಲಸ ಮುಗಿಯಿತು. ಆಮೇಲೆ ಸುಮ್ಮನೆ ಬಾಯಿಗೆ ಇಟ್ಟುಕೊಳ್ಳುವ ರಬ್ಬರಿನ ಮೂತಿಯನ್ನು ಪೈಪಿನಿಂದ ಎಳೆದು ತೆಗೆದೆ. ಅದು ಕೂರುವ ಜಾಗದಲ್ಲಿ ಸುತ್ತಲೂ ಕಾಡಿಗೆ ತೀಡಿದಂತೆ ಕಪ್ಪು ಗೆರೆ ಇತ್ತು. ಉಗುರಿನಿಂದ ಕೆರೆದರೆ ಮೆತ್ತಗೆ ಎದ್ದು ಬಂತು. ತೊಳೆದಾಗಿದೆ ಎಂದು ನಾನು ನಂಬಿದ್ದ ಚೀಲದ ಮಾತು ಇದು. ಹುಡುಗ ಅದರಲ್ಲೇ ಮೂರು ತಿಂಗಳು ನೀರು ಕುಡಿದಿದ್ದಾನೆ. ನಿಮ್ಮ ಎಂಟು ಪುಟಗಳಲ್ಲಿ ಮೂತಿಯನ್ನು ಬಿಚ್ಚಬೇಕು ಎಂಬ ಮಾತು ಎಲ್ಲಿಯೂ ಇಲ್ಲ.

ಪೈಪಿನ ಸ್ಥಿತಿಯೂ ಹಾಗೆಯೇ. ನೀರು ಹಾಯಿಸಿದಾಗ ತಿಳಿಯಾಗಿಯೇ ಬಂತು. ಒಳಗೆ ಕುಂಚ ತೂರಿಸಿ ಎಳೆದಾಗ ಬೂದುಬಣ್ಣದ ಲೋಳೆ ಹೊರಬಿತ್ತು. ಬ್ಯಾಕ್ಟೀರಿಯಾಗಳು ಒದ್ದೆ ಗೋಡೆಗೆ ಅಂಟಿಕೊಂಡು ತಮ್ಮ ಸುತ್ತ ಇಂಥ ಜಿಗುಟು ಪದರವನ್ನು ಕಟ್ಟಿಕೊಳ್ಳುತ್ತವೆ. ಹರಿಯುವ ನೀರಿಗೆ ಅದು ಜಗ್ಗುವುದಿಲ್ಲ, ಬ್ಲೀಚ್ ಕೂಡ ಅದರೊಳಕ್ಕೆ ಸುಲಭವಾಗಿ ಇಳಿಯುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಲೇಖನದ ಕೊನೆಯಲ್ಲಿ ಅಲಂಕಾರಕ್ಕೆಂದು ಬೀದರಿನ ನೌಬಾದಿನ ಸುರಂಗ ಬಾವಿಯನ್ನು ತಂದಿದ್ದೀರಿ. ಅದರ ಜಾಗ ಇಲ್ಲಿ. ಬಹಮನಿಗಳ ಕಾಲದ ಆ ನೆಲದಡಿಯ ಕಾಲುವೆಯುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ಬಿಟ್ಟಿದ್ದಾರೆ. ಗಾಳಿ ಆಡುವುದಕ್ಕೂ ಇಳಿದು ಹೂಳು ತೆಗೆಯುವುದಕ್ಕೂ ಅವೇ ದಾರಿ. ನಿಮ್ಮ ಪೈಪಿಗೆ ಅಂಥ ಕಿಂಡಿಯಿಲ್ಲ. ಉದ್ದ ಹಿಡಿಕೆಯ ಕುಂಚ ಸಿಗದ ಊರಿನಲ್ಲಿ ಗಾಳದ ನೈಲಾನ್ ದಾರಕ್ಕೆ ಹತ್ತಿಬಟ್ಟೆಯ ಚಿಕ್ಕ ತುಂಡು ಕಟ್ಟಿ, ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ ಈ ತುದಿಯಿಂದ ಆ ತುದಿಗೆ ಎಳೆದರೆ ಆಗುತ್ತದೆ ಎಂದು ಬರೆದರೆ ಆಳಂದದ ಓದುಗರೂ ಸುರಪುರದ ಓದುಗರೂ ಅವತ್ತೇ ಮಾಡಿ ನೋಡುತ್ತಾರೆ.

ಒಣಗಿಸುವುದರ ಬಗ್ಗೆ ನೀವು ಬರೆದಿರುವುದು ಒಂದೇ ವಾಕ್ಯ: ‘ನಂತರ ಬಿಸಿಲಿನಲ್ಲಿ ಒಣಗಿಸಬೇಕು.’ ನನ್ನ ಅಭಿಪ್ರಾಯದಲ್ಲಿ ಅರ್ಧ ಲೇಖನ ಇದೇ ಆಗಬೇಕು. ನಾನು ಮೊಳೆಗೆ ತೂಗುಹಾಕಿದ ಚೀಲದ ಎರಡೂ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು, ಮರುದಿನ ಮಧ್ಯಾಹ್ನವಾದರೂ ಮೂಲೆಗಳಲ್ಲಿ ಹನಿ ಹಾಗೆಯೇ ನಿಂತಿತ್ತು. ಆಮೇಲೆ ನನ್ನ ಹೆಂಡತಿ ಕಟ್ಟಿಗೆಯ ಸವಟೊಂದನ್ನು ಚೀಲದ ಬಾಯಿಂದ ಇಳಿಬಿಟ್ಟು, ಗೋಡೆಗಳನ್ನು ಬೇರೆ ಮಾಡಿ, ಬೋರಲಾಗಿ ನಿಲ್ಲಿಸಿದಳು, ಸಂಜೆಯೊಳಗೆ ಒಣಗಿತು. ಪೈಪನ್ನು ಬೇರೆ ಮಾಡಿ, ಒಂದು ತುದಿ ಹಿಡಿದು ಅಂಗಳದಲ್ಲಿ ಕವಣೆಯಂತೆ ಗಿರ್ರನೆ ತಿರುಗಿಸಿದರೆ ಒಳಗಿನ ಹನಿ ಸಿಡಿದು ಹೋಗುತ್ತದೆ.

ಬಿಸಿಲಿನ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಮನೆಗಳಲ್ಲಿ ಹರವಿಯನ್ನು ನಾರಿನಿಂದ ತಿಕ್ಕಿ ಬಿಸಿಲಿಗೆ ಬೋರಲು ಹಾಕುವುದು ರೂಢಿ, ಮಣ್ಣಿಗೆ ಅದು ಒಳ್ಳೆಯದೇ. ಈ ಚೀಲಗಳು ಸಾಮಾನ್ಯವಾಗಿ ಪಾಲಿಯುರೆಥೇನ್‌ನಂಥ ಮೆದು ಪ್ಲಾಸ್ಟಿಕ್ಕಿನವು. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಬಿಸಿಲಿಗೆ ದಿನವೂ ಹಾಸಿಟ್ಟರೆ ಬರಬರುತ್ತಾ ಹಳದಿಯಾಗಿ ಮೆದುತನ ಕಳೆದುಕೊಳ್ಳುತ್ತವೆ. ಕುದಿಯುವ ನೀರೂ ಬೇಡ. ನಮ್ಮ ಸೀಮೆಯ ಒಣ ಝಳವೇ ಸಾಕು: ಬೇಸಿಗೆಯಲ್ಲಿ ನೆರಳಿನ ಪಡಸಾಲೆಯಲ್ಲಿಟ್ಟರೂ ಬೇಗ ಒಣಗುತ್ತದೆ, ಕಷ್ಟವಿರುವುದು ಆಷಾಢ, ಶ್ರಾವಣದ ಜಡಿಮಳೆಯಲ್ಲಿ. ಆಗ ಫ್ರೀಜರ್‌ನಲ್ಲಿಡಿ ಎಂಬ ನಿಮ್ಮ ಸಲಹೆ ತಪ್ಪಲ್ಲ. ಆದರೆ ಚಳಿ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅವನ್ನು ಕೊಲ್ಲುವುದಿಲ್ಲ. ಕರೆಂಟು ಹೋಗಿ ಮಂಜು ಕರಗಿದರೆ ಅವು ಮತ್ತೆ ಶುರು. ಇದನ್ನು ಸೇರಿಸಿ.

‘ಬಿಳಿ ಬೂಷ್ಟು’ ಎಂದು ನೀವು ಹೆಸರಿಟ್ಟಿರುವುದರ ಬಗ್ಗೆ ನನ್ನ ಅನುಮಾನ ಹೇಳುತ್ತೇನೆ. ಚೀಲದ ಒಳಗೋಡೆಯ ಮೇಲೆ ಪುಡಿಪುಡಿಯಾಗಿ ಕೂತ, ಸಾಬೂನಿಗೆ ಬಿಡದ ಬಿಳಿ ಪದರ ಎಂದು ವರ್ಣಿಸಿದ್ದೀರಿ. ಅದು ಬೂಷ್ಟಲ್ಲ, ಸುಣ್ಣ. ಶಹಾಬಾದ್ ಕಲ್ಲು ತೆಗೆಯುವ, ವಾಡಿ, ಸೇಡಂ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವ ಸುಣ್ಣಕಲ್ಲಿನ ನೆಲ ನಮ್ಮದು. ಆ ನೆಲದ ಬೋರ್‌ವೆಲ್ ನೀರು ಗಡಸು. ಒಲೆಯ ಮೇಲಿನ ಹಂಡೆಯ ತಳದಲ್ಲಿ ಹಕ್ಕಳೆಗಟ್ಟುವುದೂ ಇದೇ. ಸಾಬೂನು ಗಡಸು ನೀರಿನೊಡನೆ ಸೇರಿ ಇನ್ನಷ್ಟು ಜಿಡ್ಡು ಮಾಡುತ್ತದೆಯೇ ಹೊರತು ಈ ಪದರವನ್ನು ಕರಗಿಸುವುದಿಲ್ಲ. ಎರಡು ನಿಂಬೆಹಣ್ಣಿನ ರಸವನ್ನು ಒಂದು ಲೀಟರ್ ನೀರಿಗೆ ಬೆರೆಸಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಬಿಡುತ್ತದೆ. ಬೂಷ್ಟಿಗೆ ಒಂದು ಮದ್ದು, ಸುಣ್ಣಕ್ಕೆ ಇನ್ನೊಂದು. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದಿದ್ದರಿಂದಲೇ ಎಲ್ಲವನ್ನೂ ಒಟ್ಟಿಗೆ ಬೆರೆಸುವ ಆ ಆರನೆಯ ಪುಟದ ಸಲಹೆ ಹುಟ್ಟಿದೆ ಎಂದು ನನಗನ್ನಿಸುತ್ತದೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಜಲಸಂಚಯ ಕೋಶ’, ‘ಚೂಷಣ ನಳಿಕೆ’, ‘ದಂಶ ಕವಾಟ’ ಇವು ಯಾರ ಬಾಯಲ್ಲಿಯೂ ಇಲ್ಲದ ಮಾತುಗಳು. ಚೀಲ, ಪೈಪು, ಮೂತಿ ಎನ್ನಿ. ‘ಶುಚಿಗೊಳಿಸಲ್ಪಡಬೇಕು’ ಎಂಬಲ್ಲೆಲ್ಲ ‘ತೊಳೆಯಿರಿ’ ಎಂದು ಬರೆದರೆ ಒಂದು ಪುಟ ಉಳಿಯುತ್ತದೆ.

ಕೊನೆಯದಾಗಿ, ಏಳನೆಯ ಪುಟದ ನಡುವೆ ನೀವು ಹೀಗೊಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: ‘ಹೋದ ವರ್ಷದ ಪಾದಯಾತ್ರೆಯಲ್ಲಿ ದಾರಿಯ ಮೇಲೆ ಕೊಟ್ಟ ಮಜ್ಜಿಗೆಯನ್ನು ಚೀಲಕ್ಕೆ ತುಂಬಿಸಿಕೊಂಡಿದ್ದೆ, ಆ ವಾಸನೆ ಕೊನೆಯವರೆಗೂ ಹೋಗಲಿಲ್ಲ.’ ಇಡೀ ಲೇಖನದಲ್ಲಿ ನಾನು ತಲೆಯೆತ್ತಿ ಕುಳಿತದ್ದು ಇಲ್ಲಿ. ದಣಿದು ಬಂದವರಿಗೆ ಭಕ್ತರು ಪ್ರೀತಿಯಿಂದ ಕೊಡುವ ಮಜ್ಜಿಗೆ, ಪಾನಕವನ್ನು ಬೇಡ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ; ಅದನ್ನು ಲೋಟದಲ್ಲಿ ಕುಡಿಯಬೇಕು, ಈ ಚೀಲಕ್ಕೆ ನೀರೊಂದೇ ಎಂಬುದು ನಡೆದವರಿಗಷ್ಟೇ ಗೊತ್ತಾಗುವ ಪಾಠ. ಮಜ್ಜಿಗೆಯ ಜಿಡ್ಡು ಗೋಡೆಗೆ ಹಿಡಿಯುತ್ತದೆ, ಪಾನಕದ ಬೆಲ್ಲ, ಓಆರ್‌ಎಸ್‌ನ ಸಕ್ಕರೆ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ, ಬೆನ್ನಿನ ಕಾವಿನಲ್ಲಿ ಅವು ಗಂಟೆಗಳಲ್ಲಿ ಹೆಚ್ಚುತ್ತವೆ. ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ನೆನೆಸಿಟ್ಟು ಉಜ್ಜುವುದು ವಾಸನೆಗೆ ನನಗೆ ಗೊತ್ತಿರುವ ಉಪಾಯ. ಆದರೂ ಹೋಗದಿದ್ದರೆ ಪೈಪು, ಮೂತಿಗಳು ಬಿಡಿಯಾಗಿಯೂ ಸಿಗುತ್ತವೆ, ಇಡೀ ಚೀಲ ಎಸೆಯಬೇಕಿಲ್ಲ.

ಲೇಖನವನ್ನು ಆ ಸಾಲಿನಿಂದಲೇ ಶುರುಮಾಡಿ. ಎಷ್ಟನೆಯ ದಿನ ವಾಸನೆ ತಿಳಿಯಿತು, ರಾತ್ರಿ ತಂಗಿದಲ್ಲಿ ಯಾವ ನೀರಿನಿಂದ, ಏನು ಹಾಕಿ ತೊಳೆದಿರಿ, ಜೊತೆಗಿದ್ದವರು ಏನು ಹೇಳಿಕೊಟ್ಟರು, ಊರಿಗೆ ಬಂದ ಮೇಲೆ ಆ ಚೀಲ ಏನಾಯಿತು ಎಂಬುದನ್ನೆಲ್ಲ ನೆನಪಿದ್ದಷ್ಟು ಬರೆಯಿರಿ. ಬಿಚ್ಚಿದ ಮೂತಿಯದೊಂದು, ಒಣಗಲು ನಿಲ್ಲಿಸಿದ ಚೀಲದ್ದೊಂದು ಚಿತ್ರ ಜೊತೆಗಿರಲಿ. ನಾಲ್ಕು ಪುಟ ಮೀರಬೇಡಿ. ಶಿವರಾತ್ರಿಯೊಳಗೆ ನನ್ನ ಕೈಸೇರಿದರೆ, ಈ ಸಲದ ಪಾದಯಾತ್ರೆಯವರು ಚೀಲ ಹೊರತೆಗೆಯುವ ಹೊತ್ತಿಗೆ ಅಚ್ಚಾಗಿರುತ್ತದೆ.

ನಿಮ್ಮ ವಿಶ್ವಾಸಿ,
ಸಂಪಾದಕ