ಬಿಪಿ ಇಲ್ಲ, ಶುಗರ್ ಇಲ್ಲ, ಮಾತ್ರೆ ಮಾತ್ರ ಯಾಕೆ?

ಪ್ರಶ್ನೆ: ಅಪ್ಪನಿಗೆ 63 ವರ್ಷ. ಕಳೆದ ವರ್ಷ ಹಾರ್ಟ್ ಅಟ್ಯಾಕ್ ಆಗಿತ್ತು. ನಾಲ್ಕು ತಿಂಗಳ ಹಿಂದೆ ಕಾಲು ಊದಿಕೊಂಡು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎಕೋ ಮಾಡಿಸಿದಾಗ ಪಂಪಿಂಗ್ 30 ಅಂತ ಬಂತು, ಹಾರ್ಟ್ ಫೇಲ್ಯೂರ್ ಅಂದರು. ಈಗ ಆರಾಮಾಗಿದ್ದಾರೆ, ತೋಟಕ್ಕೂ ಹೋಗುತ್ತಾರೆ. ಸಕ್ಯುಬಿಟ್ರಿಲ್-ವಲ್ಸಾರ್ಟನ್, ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್, ಜೊತೆಗೆ ನೀರಿನ ಮಾತ್ರೆ ಟಾರ್ಸೆಮೈಡ್ ಕೊಟ್ಟಿದ್ದಾರೆ. ಮೆಡಿಕಲ್ ಶಾಪಿನವರು ಇದರಲ್ಲಿ ಮೂರು ಬಿಪಿಗೆ, ಒಂದು ಶುಗರ್‌ಗೆ ಅಂದರಂತೆ. ಅಪ್ಪನ ಬಿಪಿ 110/70, ಶುಗರ್ ಇಲ್ಲವೇ ಇಲ್ಲ. "ಇಲ್ಲದ ಕಾಯಿಲೆಗೆ ಯಾಕೆ ನುಂಗಲಿ?" ಅಂತ ಹಟ ಹಿಡಿದಿದ್ದಾರೆ. ನಿಲ್ಲಿಸಬಹುದೇ?

ಉತ್ತರ: ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ. ಆದರೆ ಅದು ಆ ಮಾತ್ರೆಗಳ ಹಳೇ ಕೆಲಸ. ಇಲ್ಲಿ ಅವಕ್ಕೆ ಬೇರೆ ಕೆಲಸ ಇದೆ.

ಪಂಪಿಂಗ್ 30 ಅಂದರೆ ಹೃದಯ ಮುಕ್ಕಾಲು ಭಾಗ ಹಾಳಾಗಿದೆ ಅಂತಲ್ಲ. ಒಳಗೆ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇ 30ರಷ್ಟು ಹೊರಗೆ ಹೋಗುತ್ತಿದೆ. ಗಟ್ಟಿಮುಟ್ಟಾದ ಹೃದಯದಲ್ಲೂ ಇದು 55ರಿಂದ 70, ನೂರಲ್ಲ. ಕಿಡ್ನಿಗೆ ರಕ್ತ ಕಡಿಮೆ ಬಂದಾಗ, ಹೃದಯ ಸೋತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ತೋಟದಲ್ಲಿ ಕತ್ತಿ ತಾಗಿ ರಕ್ತ ಹರಿದುಹೋದಾಗ ದೇಹ ಏನು ಮಾಡುತ್ತದೋ ಈಗಲೂ ಅದನ್ನೇ ಮಾಡುತ್ತದೆ. ಉಪ್ಪು, ನೀರು ಹಿಡಿದಿಡುತ್ತದೆ. ರಕ್ತನಾಳ ಬಿಗಿಯುತ್ತದೆ. ಬಡಿತ ಜಾಸ್ತಿ ಮಾಡುತ್ತದೆ. ಗಾಯಕ್ಕಾದರೆ ಇದು ಒಂದೆರಡು ದಿನದ ಮಾತು. ಇಲ್ಲಿ ತಿಂಗಳುಗಟ್ಟಲೆ ನಡೆದು ಹೃದಯ ಇನ್ನಷ್ಟು ಹಿಗ್ಗುತ್ತಾ ಹೋಗುತ್ತದೆ. ನಿಮ್ಮ "ಬಿಪಿ ಮಾತ್ರೆ"ಗಳು ತಡೆಯುವುದು ಇದನ್ನೇ.

ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ಗುಂಪಿನ ಕಥೆಯೇ ಬೇರೆ. ಹೃದಯ ಸೋತವರಿಗೆ ಇಂಥ ಮಾತ್ರೆ ಕೊಡಲೇಬಾರದು ಅಂತ ಒಂದು ಕಾಲದಲ್ಲಿ ವೈದ್ಯರಿಗೆ ಪಾಠ ಇತ್ತು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತವರ ಜೊತೆಗಾರರು ಕೊಟ್ಟು ನೋಡಿದರು, ರೋಗಿಗಳು ಸುಧಾರಿಸಿದರು. ಜಗತ್ತು ಒಪ್ಪಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಶುರುವಿನಲ್ಲಿ ಸುಸ್ತು ಆಗುವುದುಂಟು. ಅದಕ್ಕೇ ಚೂರು ಡೋಸಿನಿಂದ ಹಿಡಿದು ಎರಡೆರಡು ವಾರಕ್ಕೆ ಏರಿಸುತ್ತೇವೆ.

ಡಪಾಗ್ಲಿಫ್ಲೋಜಿನ್ ಶುಗರ್‌ಗೆಂದೇ ಬಂದದ್ದು. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಕೊಟ್ಟಾಗ ಸಾವು, ಆಸ್ಪತ್ರೆ ವಾಸ ಎರಡೂ ಕಡಿಮೆಯಾದವು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ.

ತಮಾಷೆ ಏನು ಗೊತ್ತಾ? ರೋಗಿಗಳಿಗೆ ಇಷ್ಟವಾಗುವುದು ನೀರಿನ ಮಾತ್ರೆ. ನುಂಗಿದ ಗಂಟೆಯಲ್ಲಿ ಮೂತ್ರ ಹೋಗಿ, ದಿನದಲ್ಲೇ ಊತ ಇಳಿಯುತ್ತದೆ. ಡಾಕ್ಟರು ಮೊದಲು ಕಡಿಮೆ ಮಾಡಲು ನೋಡುವುದೂ ಅದನ್ನೇ. ಉಳಿದ ನಾಲ್ಕು ಕಣ್ಣಿಗೆ ಕಾಣುವಂತೆ ಏನೂ ಮಾಡುವುದಿಲ್ಲ, ಆಯಸ್ಸು ಹೆಚ್ಚಿಸುವುದು ಮಾತ್ರ ಅವೇ.

ಹುಷಾರಾದ ಮೇಲೆ ಬಿಟ್ಟರೆ? ಲಂಡನ್ನಿನಲ್ಲಿ ಇದನ್ನೂ ನೋಡಿದ್ದಾರೆ. ಹೃದಯ ಹಿಗ್ಗುವ ಕಾಯಿಲೆ ಬಂದು, ಪಂಪಿಂಗ್ ಮತ್ತೆ ಸರಿಯಾದವರ ಮಾತ್ರೆಗಳನ್ನು ವೈದ್ಯರೇ ನಿಧಾನವಾಗಿ ನಿಲ್ಲಿಸಿದರು. ಆರು ತಿಂಗಳಲ್ಲಿ ನೂರಕ್ಕೆ ಸುಮಾರು 40 ಜನರಿಗೆ ಕಾಯಿಲೆ ವಾಪಸ್ ಬಂತು. ಅವರದ್ದು ಅಟ್ಯಾಕ್ ಆದ ಹೃದಯವೂ ಅಲ್ಲ. ಹಾಗಾಗಿ ಬೇಡ, ನಿಲ್ಲಿಸಬೇಡಿ.

ತಲೆ ಸುತ್ತದಿದ್ದರೆ 110/70ಕ್ಕೆ ಹೆದರಬೇಕಿಲ್ಲ. ಆದರೆ ಸ್ಪೈರೊನೊಲ್ಯಾಕ್ಟೋನ್, ವಲ್ಸಾರ್ಟನ್ ಎರಡೂ ಪೊಟ್ಯಾಶಿಯಂ ಏರಿಸುತ್ತವೆ. ಹೇಳಿದಾಗೆಲ್ಲ ರಕ್ತ ಪರೀಕ್ಷೆ ಮಾಡಿಸಿ. ದಿನಾ ಎಳನೀರು, 'ಲೋ ಸೋಡಿಯಂ' ಉಪ್ಪು ಎರಡರಲ್ಲೂ ಪೊಟ್ಯಾಶಿಯಂ ಇರುವುದರಿಂದ ಡಾಕ್ಟರನ್ನು ಕೇಳದೆ ಕೊಡಬೇಡಿ. ವಾಂತಿ ಭೇದಿ ಆದರೆ, ಏಕಾದಶಿ ಉಪವಾಸ ಮಾಡುವುದಾದರೆ ಅವರಿಗೆ ಮೊದಲೇ ಫೋನ್ ಮಾಡಿ, ಕೆಲವು ಮಾತ್ರೆಗಳನ್ನು ಒಂದೆರಡು ದಿನ ತಡೆಹಿಡಿಯಬೇಕಾಗಬಹುದು. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತರುವುದಂತೂ ಕೂಡದು. ಇಷ್ಟೂ ಔಷಧಿಯ ಕೆಲಸವನ್ನು ಅದೊಂದೇ ಕೆಡಿಸಬಲ್ಲದು.

ಬೆಳಿಗ್ಗೆ ಕಾಫಿಗೆ ಮುಂಚೆ ತೂಕ ನೋಡಿ, ಕ್ಯಾಲೆಂಡರ್‌ನಲ್ಲೇ ಬರೆದಿಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಊಟದ ತೂಕ ಅಲ್ಲ, ನೀರು. ಕಾಲು ಊದುವವರೆಗೆ ಕಾಯದೆ ಅವತ್ತೇ ಡಾಕ್ಟರಿಗೆ ತಿಳಿಸಿ.