ವಿಟಮಿನ್ ಮತ್ತು ಆಂಟಿಆಕ್ಸಿಡೆಂಟ್ ಪ್ಯಾಕೇಜ್ ಟೆಸ್ಟ್ ಮಾಡಿಸಬೇಕಾ?

ನೀವು ಕೇಳಿರುವುದು ಇಷ್ಟು. ವಯಸ್ಸು ಮೂವತ್ತು ದಾಟಿದೆ, ಸಸ್ಯಾಹಾರಿ. ಕೆಲವು ತಿಂಗಳಿಂದ ಸುಸ್ತು, ಕೂದಲು ಉದುರುತ್ತಿದೆ, ಕಾಲಿನ ಬೆರಳುಗಳು ಆಗಾಗ ಜೋಮು ಹಿಡಿಯುತ್ತವೆ. ಕೂದಲಿಗೆಂದು ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುತ್ತಿದ್ದೀರಿ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬ್ ಒಂದು ಎಲ್ಲಾ ವಿಟಮಿನ್‌ಗಳ ಜೊತೆ ಆಂಟಿಆಕ್ಸಿಡೆಂಟ್ ಮಟ್ಟವನ್ನೂ ನೋಡುವ ದೊಡ್ಡ ಪ್ಯಾಕೇಜ್ ಕೊಡುತ್ತಿದೆ. ಮಾಡಿಸಬೇಕಾ, ಬೇಡವಾ?

ಇಡೀ ಪ್ಯಾಕೇಜ್ ಬೇಡ. ಆದರೆ ಅದರೊಳಗಿನ ಒಂದು ಟೆಸ್ಟ್ ನಿಮಗೆ ಬೇಕೇ ಬೇಕು, ಅದೂ ಬೇಗ. ಅದು ಬಿ12. ನಾನು ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಔಷಧಿ ಬರೆಯುವುದು ನನ್ನ ಕೆಲಸವಲ್ಲ. ಟ್ಯೂಬಿನೊಳಗೆ ಏನಾಗುತ್ತದೆ, ರಿಪೋರ್ಟಿನ ನಂಬರನ್ನು ಎಷ್ಟು ನಂಬಬಹುದು ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಸಸ್ಯಾಹಾರ, ಸುಸ್ತು, ಕಾಲು ಜೋಮು, ಮೂರೂ ಒಟ್ಟಿಗೆ ಇದ್ದರೆ ಮೊದಲು ಅನುಮಾನ ಬರುವುದೇ ಬಿ12 ಮೇಲೆ. ಸೊಪ್ಪು, ಕಾಳು, ರಾಗಿ ಎಷ್ಟೇ ತಿಂದರೂ ಅವುಗಳಲ್ಲಿ ಬಿ12 ಇಲ್ಲ. ಮೊಟ್ಟೆಯನ್ನೂ ತಿನ್ನದವರಿಗೆ ಊಟದಿಂದ ಅದು ಸಿಗುವುದು ಹಾಲು, ಮೊಸರು, ಪನೀರಿನಲ್ಲಿ. ಕಾಫಿಗೆ ಹಾಕುವಷ್ಟು ಹಾಲು ಅದಕ್ಕೆ ಸಾಲುವುದಿಲ್ಲ. ಲಿವರ್‌ನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುತ್ತದೆ, ಹಾಗಾಗಿ ಕೊರತೆ ನಿಧಾನಕ್ಕೆ ಗೊತ್ತಾಗುತ್ತದೆ. ಶುಗರ್‌ಗೆ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿಗೆ ಪ್ಯಾಂಟೊಪ್ರಜೋಲ್ ತರಹದ ಮಾತ್ರೆಯನ್ನು ತುಂಬಾ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಬಿ12 ಇನ್ನೂ ಕಡಿಮೆಯಾಗುತ್ತದೆ. ಇದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಇನ್ನು ನಂಬರ್ ವಿಷಯ. ಒಂದು ಮಿಲಿಲೀಟರ್‌ಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಅಂತಲೇ ನೋಡುತ್ತಾರೆ. ಕಷ್ಟ ಇರುವುದು 200ರಿಂದ 300ರ ನಡುವೆ ಬಂದಾಗ. ಈ ಟೆಸ್ಟ್ ಅಳೆಯುವುದು ರಕ್ತದಲ್ಲಿರುವ ಒಟ್ಟು ಬಿ12 ಅನ್ನು. ಅದರಲ್ಲಿ ಸುಮಾರು ಕಾಲು ಭಾಗ ಮಾತ್ರ ಜೀವಕೋಶಗಳಿಗೆ ತಲುಪುವ ರೂಪದಲ್ಲಿ ಇರುತ್ತದೆ. ಮಿಕ್ಕಿದ್ದೆಲ್ಲ ಬೇರೊಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ 'ನಾರ್ಮಲ್' ಅಂತಿದ್ದರೂ ನರಗಳಿಗೆ ಸಾಲದೇ ಇರಬಹುದು. ಅಂಥ ಸಂದರ್ಭದಲ್ಲಿ ಮಿಥೈಲ್‌ಮೆಲೋನಿಕ್ ಆಸಿಡ್ ಅಥವಾ ಹೋಮೋಸಿಸ್ಟೀನ್ ಟೆಸ್ಟ್ ಮಾಡಿಸುತ್ತಾರೆ. ಬಿ12 ಸಾಲದಿದ್ದಾಗ ಇವೆರಡೂ ಏರುತ್ತವೆ. ಹೋಮೋಸಿಸ್ಟೀನ್‌ಗೆ ಮಾತ್ರ ಒಂದು ಎಚ್ಚರಿಕೆ ಬೇಕು. ರಕ್ತ ತೆಗೆದ ಮೇಲೆ ಬೇಗ ಪ್ಲಾಸ್ಮಾ (ಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವ) ಬೇರ್ಪಡಿಸದಿದ್ದರೆ ಕೆಂಪು ರಕ್ತಕಣಗಳಿಂದ ಅದು ಹೊರಗೆ ಬರುತ್ತಲೇ ಇರುತ್ತದೆ, ನಂಬರ್ ಸುಳ್ಳಾಗಿ ಮೇಲೇರುತ್ತದೆ. ಟ್ಯೂಬನ್ನು ಐಸ್ ಮೇಲಿಟ್ಟು ಸಾಗಿಸಬೇಕು. ಗಾಡಿಯ ಬ್ಯಾಗಿನಲ್ಲಿ ಬಿಸಿಲಲ್ಲಿ ಊರೆಲ್ಲ ಸುತ್ತಿ ಬಂದ ಟ್ಯೂಬಿನಿಂದ ಸರಿಯಾದ ಹೋಮೋಸಿಸ್ಟೀನ್ ಸಿಗುವುದಿಲ್ಲ.

ನಿಮ್ಮ ಬಯೋಟಿನ್ ಮಾತ್ರೆ ನೋಡಿ ನನಗೆ ನಿಜಕ್ಕೂ ಚಿಂತೆಯಾಯಿತು. ಬಿ12, ವಿಟಮಿನ್ ಡಿ, ಥೈರಾಯ್ಡ್ ಟೆಸ್ಟ್ ಮಾಡುವ ಎಷ್ಟೋ ಮಷೀನುಗಳ ಕೆಮಿಸ್ಟ್ರಿಯೇ ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್ ಒಂದಕ್ಕೊಂದು ಅಂಟಿಕೊಳ್ಳುವುದರ ಮೇಲೆ ನಿಂತಿದೆ. ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿದ್ದರೆ ಅದು ಅಡ್ಡ ಬರುತ್ತದೆ. ಅಂಥ ವಿಧಾನದಲ್ಲಿ ಬಿ12 ಇರುವುದಕ್ಕಿಂತ ಜಾಸ್ತಿ ಬರಬಹುದು, ಥೈರಾಯ್ಡ್ ನೋಡಲು ಅಳೆಯುವ ಟಿಎಸ್‌ಎಚ್ ಹಾರ್ಮೋನ್ ಇರುವುದಕ್ಕಿಂತ ಕಡಿಮೆ ಬರಬಹುದು. ಅಂದರೆ ಕೊರತೆ ಇದ್ದರೂ ರಿಪೋರ್ಟ್ ಚೆನ್ನಾಗಿ ಕಾಣಬಹುದು, ಥೈರಾಯ್ಡ್ ಸರಿಯಿದ್ದರೂ ಇಲ್ಲದ ಕಾಯಿಲೆ ಕಾಣಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಕೂದಲಿನ ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಂ ಬಯೋಟಿನ್ ಇರುವುದು ಮಾಮೂಲು. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ ಅಷ್ಟೇ. ರಕ್ತ ಕೊಡುವ ಮೊದಲು ಎರಡು ಮೂರು ದಿನ ಆ ಮಾತ್ರೆ ನಿಲ್ಲಿಸಿ. ಲ್ಯಾಬಿನವರು ಕೇಳದಿದ್ದರೂ ನೀವಾಗಿಯೇ ಹೇಳಿ.

ಬಿ12 ಜೊತೆಗೆ ಸಿಬಿಸಿ (ರಕ್ತಕಣಗಳ ಲೆಕ್ಕ, ಗಾತ್ರ ನೋಡುವ ಟೆಸ್ಟ್) ಮತ್ತು ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಟೆಸ್ಟ್) ಮಾಡಿಸಿ. ಬಿ12 ಕಡಿಮೆಯಾದರೆ ಕೆಂಪು ರಕ್ತಕಣ ದೊಡ್ಡದಾಗುತ್ತದೆ, ಕಬ್ಬಿಣ ಕಡಿಮೆಯಾದರೆ ಚಿಕ್ಕದಾಗುತ್ತದೆ. ಎರಡೂ ಒಟ್ಟಿಗೆ ಕಡಿಮೆಯಿದ್ದರೆ ಸರಾಸರಿ ಗಾತ್ರ ನಾರ್ಮಲ್ ಅಂತಲೇ ಬರಬಹುದು. ಹಾಗಾಗಿ ಸಿಬಿಸಿ ಒಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕೂದಲು ಉದುರುವುದಕ್ಕೂ ಸುಸ್ತಿಗೂ ಕಬ್ಬಿಣದ ಕೊರತೆ ದೊಡ್ಡ ಕಾರಣ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಲ್ಲಂತೂ ಇನ್ನೂ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಹುಷಾರಿಲ್ಲದ ವಾರದಲ್ಲಿ ಇದನ್ನು ಮಾಡಿಸಬೇಡಿ.

ವಿಟಮಿನ್ ಡಿ ಬೇಕಿದ್ದರೆ ಮಾಡಿಸಬಹುದು, ಡಾಕ್ಟರ್ ಹೇಳಿದರೆ. ಕೇಳಬೇಕಾದ್ದು '25-ಹೈಡ್ರಾಕ್ಸಿ ವಿಟಮಿನ್ ಡಿ'. '1,25-ಡೈಹೈಡ್ರಾಕ್ಸಿ' ಅಂತ ಇನ್ನೊಂದಿದೆ, ಅದು ಕೊರತೆ ಇರುವಾಗಲೂ ನಾರ್ಮಲ್ ಬರಬಹುದು. ಒಂದು ಮಿಲಿಲೀಟರ್‌ಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಅಂತ ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. 30 ದಾಟಲೇಬೇಕು ಅನ್ನುವ ಮಾತು ಮಾತ್ರ ಈಗ ಸಡಿಲವಾಗಿದೆ. ಹಾರ್ಮೋನ್ ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರ ತನ್ನ ಮಾರ್ಗಸೂಚಿಯಲ್ಲಿ ಆ ಗಡಿಯನ್ನು ಕೈಬಿಟ್ಟಿತು. ಆರೋಗ್ಯವಾಗಿರುವ ದೊಡ್ಡವರಿಗೆ ಸುಮ್ನೆ ಈ ಟೆಸ್ಟ್ ಮಾಡುವುದು ಬೇಡ ಅಂತಲೂ ಹೇಳಿತು. 24 ಬಂತು ಅಂತ ಹೆದರಿ ಮೆಡಿಕಲ್ ಶಾಪಿನಿಂದ 60,000 ಯೂನಿಟ್‌ನ ಪೌಡರ್ ತಂದು ತಿಂಗಳುಗಟ್ಟಲೆ ಕುಡಿಯಬೇಡಿ. ಡಿ ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟಾಗುತ್ತದೆ.

ಪ್ಯಾಕೇಜಿನಲ್ಲಿರುವ ಎ, ಇ, ಸಿ, ಸತು ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಿವರ್ ದಾಸ್ತಾನು ಹೆಚ್ಚುಕಡಿಮೆ ಖಾಲಿಯಾಗುವವರೆಗೂ ರಕ್ತದಲ್ಲಿ ವಿಟಮಿನ್ ಎ ಒಂದೇ ಮಟ್ಟದಲ್ಲಿರುತ್ತದೆ. ವಿಟಮಿನ್ ಇ ಕೊಲೆಸ್ಟ್ರಾಲ್ ಜೊತೆ ಏರಿಳಿಯುತ್ತದೆ, ಕೊಲೆಸ್ಟ್ರಾಲ್ ನೋಡದೆ ಅದಕ್ಕೆ ಅರ್ಥವಿಲ್ಲ. ವಿಟಮಿನ್ ಸಿ ಟ್ಯೂಬಿನಲ್ಲೇ ಹಾಳಾಗುತ್ತದೆ. ಬೆಳಕು ತಾಗದಂತೆ, ತಣ್ಣಗಿಟ್ಟು, ಆಸಿಡ್ ಸೇರಿಸಿ ಬೇಗ ಫ್ರೀಜ್ ಮಾಡದಿದ್ದರೆ ಇಲ್ಲದ ಕೊರತೆ ಕಾಣಿಸುತ್ತದೆ. ಸತುವಿಗೆ ಬೇರೆಯದೇ ಟ್ಯೂಬ್ ಬೇಕು.

ಆಂಟಿಆಕ್ಸಿಡೆಂಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಜಾಸ್ತಿ ದುಡ್ಡು ಸುರಿಯುವುದು ಅಲ್ಲೇ. 'ಟೋಟಲ್ ಆಂಟಿಆಕ್ಸಿಡೆಂಟ್ ಕೆಪಾಸಿಟಿ' ಅಂತ ಬರುವ ನಂಬರಿನಲ್ಲಿ ದೊಡ್ಡ ಪಾಲು ಯೂರಿಕ್ ಆಸಿಡ್ ಮತ್ತು ರಕ್ತದಲ್ಲಿರುವ ಆಲ್ಬುಮಿನ್ ಪ್ರೋಟೀನಿನದು. ನೀವು ತಿಂದ ನೆಲ್ಲಿಕಾಯಿ, ದಾಳಿಂಬೆಯ ಪಾಲು ಅದರಲ್ಲಿ ತೀರಾ ಕಡಿಮೆ. ಗೌಟ್ ಅನ್ನುವ ಕೀಲುನೋವಿನ ಕಾಯಿಲೆ ಇರುವವರಿಗೆ ಯೂರಿಕ್ ಆಸಿಡ್ ಜಾಸ್ತಿ ಇರುತ್ತದೆ, ಕಿಡ್ನಿ ಸರಿಯಾಗಿ ಕೆಲಸ ಮಾಡದವರಿಗೂ ಅಷ್ಟೇ. ಅವರಿಗೆ ಈ ಟೆಸ್ಟಿನಲ್ಲಿ ಒಳ್ಳೆಯ ಅಂಕ ಬರುತ್ತದೆ! ಆ ಅಂಕ ನೋಡಿ ಡಾಕ್ಟರ್ ಯಾವ ಚಿಕಿತ್ಸೆ ಬದಲಿಸಬೇಕು ಹೇಳಿ? ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಗಳ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ ಇಟ್ಟಿತ್ತು. ಆ ಅಂಕಗಳಿಗೂ ದೇಹದೊಳಗೆ ಆಗುವುದಕ್ಕೂ ಸಂಬಂಧ ಸಾಬೀತಾಗಿಲ್ಲ ಅಂತ 2012ರಲ್ಲಿ ಅದನ್ನು ತೆಗೆದುಹಾಕಿತು.

ಅಂಕ ಕಡಿಮೆ ಬಂತು ಅಂತ ಮಾತ್ರೆ ಶುರು ಮಾಡುವುದಂತೂ ಬೇಡವೇ ಬೇಡ. ಫಿನ್‌ಲೆಂಡಿನಲ್ಲಿ ಸಿಗರೇಟ್ ಸೇದುವ 29,000ಕ್ಕೂ ಹೆಚ್ಚು ಗಂಡಸರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಬೀಟಾ ಕ್ಯಾರೊಟಿನ್ ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತದೆ ಅನ್ನುವ ನಂಬಿಕೆಯಿಂದ ಶುರುವಾದದ್ದು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಿಂದವರಲ್ಲೇ ಆ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿ ಇತ್ತು. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೊಡುತ್ತಿದ್ದರು. ಅಲ್ಲಿಯೂ ಹೀಗೇ ಆಗಿ 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ರಕ್ತದಲ್ಲಿ ಆಂಟಿಆಕ್ಸಿಡೆಂಟ್ ಏರಿಸುವುದು ಬೇರೆ, ಮನುಷ್ಯ ಆರೋಗ್ಯವಾಗಿರುವುದು ಬೇರೆ ಅಲ್ವಾ?

ಹಾಗಾಗಿ ಪ್ಯಾಕೇಜ್ ಬಿಟ್ಟು ಬಿ12, ಸಿಬಿಸಿ, ಫೆರಿಟಿನ್, ಟಿಎಸ್‌ಎಚ್ ಇಷ್ಟನ್ನು ಬಿಡಿಯಾಗಿ ಮಾಡಿಸಿ, ರಿಪೋರ್ಟ್ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಆ ಟೆಸ್ಟ್‌ಗಳಿಗೆ ಲ್ಯಾಬ್‌ಗಳ ಗುಣಮಟ್ಟ ನೋಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇದೆಯಾ ಅಂತ ಲ್ಯಾಬಿನಲ್ಲಿ ಕೇಳಿ. ಎರಡನೇ ಸಲ ಮಾಡಿಸುವಾಗಲೂ ಅದೇ ಲ್ಯಾಬ್ ಒಳ್ಳೆಯದು, ಏಕೆಂದರೆ ಮಷೀನ್ ಬದಲಾದರೆ ನಂಬರೂ ಬದಲಾಗುತ್ತದೆ. ರಕ್ತ ಕೊಡುವ ಮೊದಲು ಬಿ12 ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ, ಆಮೇಲೆ ಬರುವ ನಂಬರಿನಿಂದ ನಿಮ್ಮ ಹಳೆಯ ಸ್ಥಿತಿ ತಿಳಿಯುವುದಿಲ್ಲ. ಫೋಲಿಕ್ ಆಸಿಡ್ ಮಾತ್ರೆಯನ್ನೂ ನೀವಾಗಿಯೇ ಶುರು ಮಾಡಬೇಡಿ. ಅದರಿಂದ ರಕ್ತಹೀನತೆ ಸರಿಹೋದಂತೆ ಕಂಡರೂ ಬಿ12 ಕೊರತೆಯಿಂದ ನರಗಳಿಗೆ ಆಗುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಜೋಮು ಮೇಲೆ ಏರುತ್ತಿದ್ದರೆ, ನಡೆಯುವಾಗ ತೂರಾಡುವಂತಾದರೆ ರಿಪೋರ್ಟಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ ತೋರಿಸಿ.