ಸದ್ದು ಅಭ್ಯಾಸವಾದರೆ ಕಿವಿ ಉಳಿಯುತ್ತಾ?

ನಮಸ್ಕಾರ. ಮನೆಗೆ ಅಂಟಿಕೊಂಡೇ ಇರುವ ಶೆಡ್ಡಿನಲ್ಲಿ ದಿನವಿಡೀ ಮರ ಕೊಯ್ಯುವ ಮಷಿನ್ ಓಡಿಸುತ್ತೇನೆ ಎಂದು ಬರೆದಿದ್ದೀರಿ. ಸಂಜೆ ಕಿವಿ ಗುಂಯ್ ಅನ್ನುತ್ತದೆ, ಬೆಳಗಾದರೆ ಸರಿಹೋಗುತ್ತದೆ. ಮಗಳು ಅದೇ ಸದ್ದಿನಲ್ಲಿ ಕೂತು ಓದುತ್ತಾಳೆ. ‘ನಮಗೆಲ್ಲ ಅಭ್ಯಾಸ ಆಗಿದೆ, ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕಲ್ವಾ?’ ಅಂತ ಕೇಳಿದ್ದೀರಿ.

ಸಾಕಾಗಲ್ಲ. ಹತ್ತಿ ಸದ್ದನ್ನು ತಡೆಯುವುದು ತೀರಾ ಕಡಿಮೆ. ಆದರೆ ನನಗೆ ಹೆಚ್ಚು ಆತಂಕವಾಗಿದ್ದು, ಅಭ್ಯಾಸ ಆಗಿದೆ ಅಂತ ನೀವು ನೆಮ್ಮದಿಯಿಂದ ಇರುವುದು ನೋಡಿ.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಕೊಳವೆಯಿದೆ. ಅದರೊಳಗೆ ಸುಮಾರು 15,000 ಕೂದಲು ಕೋಶಗಳು. ಸದ್ದಿನ ಅಲೆಗೆ ಅವುಗಳ ತುದಿಯ ಎಳೆಗಳು ಬಾಗುತ್ತವೆ, ಆಗ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಜೋರು ಸದ್ದು ಜಾಸ್ತಿ ಹೊತ್ತು ಬಿದ್ದರೆ ಈ ಕೋಶಗಳು ಬಳಲುತ್ತವೆ. ನಿಮ್ಮ ಸಂಜೆಯ ಗುಂಯ್ ಅದರ ಗುರುತು. ರಾತ್ರಿ ಒಂದಷ್ಟು ಸುಧಾರಿಸಿಕೊಳ್ಳುತ್ತವೆ, ನಿಜ. ಆದರೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತದೆ, ನಮ್ಮಲ್ಲಿಲ್ಲ. ಬೆಳಿಗ್ಗೆ ಎಲ್ಲ ಸರಿ ಅನಿಸಿದರೂ ಕೋಶಕ್ಕೂ ನರಕ್ಕೂ ಇರುವ ಕೊಂಡಿ ಕಡಿದಿರಬಹುದು ಅನ್ನುವುದನ್ನು 2009ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು.

ಮೊದಲ ಪೆಟ್ಟು ಬೀಳುವುದು 4,000 ಹರ್ಟ್ಸ್ (ಸೆಕೆಂಡಿಗೆ 4,000 ಕಂಪನ) ಆಸುಪಾಸಿನ ಕೀಚಲು ಸ್ವರಗಳಿಗೆ. ಸ, ಶ, ತ, ಕ ಇಂಥವು ಮಸುಕಾಗುತ್ತವೆ. ಯಾರೋ ಮಾತಾಡಿದ್ದು ಕೇಳಿಸುತ್ತದೆ, ಏನಂದರು ಅಂತ ಗೊತ್ತಾಗಲ್ಲ. ನಾಲ್ಕು ಜನ ಸೇರಿದ ಕಡೆಯಂತೂ ಇನ್ನೂ ಕಷ್ಟ. ಮಷಿನ್ ಸದ್ದು ಈಗ ಮೊದಲಿನಷ್ಟು ಕಿರಿಕಿರಿ ಮಾಡುತ್ತಿಲ್ಲ ಅಂದರೆ, ನಿಮ್ಮ ಕಿವಿಯೇ ಮಂದವಾಗಿರಬಹುದು.

ಕೆಲಸದ ಜಾಗಕ್ಕೆ ತಜ್ಞರು ಹಾಕಿರುವ ಮಿತಿ 8 ಗಂಟೆಗೆ 85 ಡೆಸಿಬಲ್ (ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ). ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಉಳಿಯುವುದು ಬರೀ 15 ನಿಮಿಷ. ಮರ ಕೊಯ್ಯುವ ಮಷಿನ್ ಸುಲಭವಾಗಿ ಅದರ ಹತ್ತಿರ ಹೋಗುತ್ತದೆ.

ದೇಹಕ್ಕೂ ಅಭ್ಯಾಸ ಆಗುವುದಿಲ್ಲ. ನಿದ್ದೆಯಲ್ಲಿ, ಎಚ್ಚರವೇ ಆಗದಿದ್ದರೂ, ಸದ್ದಿಗೆ ಎದೆಬಡಿತ ಏರುತ್ತದೆ. ವರ್ಷಗಟ್ಟಲೆ ಹೀಗಾದರೆ ಬಿಪಿ, ಹೃದ್ರೋಗದ ಅಪಾಯ ಹೆಚ್ಚು.

ಮಗಳ ವಿಷಯ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 1992ರಲ್ಲಿ ಜರ್ಮನಿಯ ಮ್ಯೂನಿಕ್‌ನ ವಿಮಾನ ನಿಲ್ದಾಣ ಬೇರೆ ಕಡೆಗೆ ಹೋಯಿತು. ಹೊಸ ನಿಲ್ದಾಣದ ಬಳಿಯ ಮಕ್ಕಳ ಓದು, ನೆನಪು ಕುಗ್ಗಿತು. ಹಳೆಯದರ ಬಳಿ ಇದ್ದವರದು ಸುಧಾರಿಸಿತು. ಅವಳು ಓದುವ ಹೊತ್ತಿಗೆ ಮಷಿನ್ ನಿಲ್ಲಿಸಿ. ಆಗದಿದ್ದರೆ ಅವಳ ಮೇಜನ್ನು ಶೆಡ್ಡಿನಿಂದ ದೂರದ ಕೋಣೆಗೆ ಹಾಕಿ.

ನಿಮಗೆ ಫೋಮ್ ಇಯರ್‌ಪ್ಲಗ್ ಬೇಕು. ಸುಮ್ನೆ ತುರುಕಿದರೆ ಪ್ರಯೋಜನವಿಲ್ಲ. ಬೆರಳಲ್ಲಿ ಹೊಸೆದು ಸಣ್ಣ ಮಾಡಿ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಹಾಕಿ, ಅದು ಉಬ್ಬುವ ತನಕ ಒತ್ತಿ ಹಿಡಿಯಿರಿ. ಅದರ ಮೇಲೆ, ಹೆಡ್‌ಫೋನ್ ಹಾಗೆ ಇಡೀ ಕಿವಿ ಮುಚ್ಚುವ ಇಯರ್‌ಮಫ್ ಕೂಡ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಕಿವಿ ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಆಡಿಯೋಮೆಟ್ರಿ ಪರೀಕ್ಷೆಯನ್ನೂ ಮಾಡಿಸಿ. ಕೆಲಸ ಮುಗಿಸಿ ನೇರವಾಗಿ ಹೋಗಬೇಡಿ, ದಣಿದ ಕಿವಿ ತಪ್ಪು ಲೆಕ್ಕ ಕೊಡುತ್ತದೆ. ರಜೆಯ ಮಾರನೆಯ ದಿನ, ಮಷಿನ್ ಮುಟ್ಟುವ ಮುಂಚೆ ಹೋಗಿ.